ವಂಶದ ಭಯ, ಮಿದುಳಿನ ಚಿತ್ರ

ಬ್ರಹ್ಮಗಿರಿಯ ತಪ್ಪಲಿನಲ್ಲಿ, ತಲಕಾವೇರಿಯಿಂದ ಸುಮಾರು 8 ಕಿಲೋಮೀಟರ್ ಕೆಳಗೆ, ಕಾವೇರಿಯೂ ಕನ್ನಿಕೆಯೂ ಕಣ್ಣಿಗೆ ಕಾಣದ ಸುಜ್ಯೋತಿಯೂ ಕೂಡುವುವೆಂದು ಶ್ರದ್ಧಾಳುಗಳು ನಂಬಿರುವ ಸಂಗಮದ ದಂಡೆಯಲ್ಲಿರುವ ಭಾಗಮಂಡಲವು, ತುಲಾ ಸಂಕ್ರಮಣದ ಯಾತ್ರಿಕರಿಗೆ ತೀರ್ಥಸ್ನಾನದ ಸ್ಥಳವಾಗಿಯೂ ಕೊಡಗಿನ ಮನೆತನಗಳಿಗೆ ಪಿಂಡಪ್ರದಾನದ ಸ್ಥಳವಾಗಿಯೂ ಹೆಸರಾಗಿದೆ. ಚರಿತ್ರೆಯನ್ನೋದುವವನಿಗಾದರೋ ಅದು ಒಂದು ಮುತ್ತಿಗೆಯ ಸ್ಥಳವೂ ಹೌದು. ಟಿಪ್ಪು ಸುಲ್ತಾನನ ಸೈನ್ಯದ ಕೈಸೇರಿ, ಅಫ್ಜಲಾಬಾದೆಂಬ ಹೊಸ ಹೆಸರನ್ನೂ ಪಡೆದಿದ್ದ ಈ ಕ್ಷೇತ್ರವನ್ನು 1790ರಲ್ಲಿ ಮರಳಿ ಗೆದ್ದವನು, ಅದಕ್ಕೆ ಎರಡು ವರ್ಷಗಳ ಹಿಂದಷ್ಟೇ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದಿದ್ದ, ಕೊಡಗಿನ ಅರಸರಾದ ಹಾಲೇರಿ ವಂಶದ ದೊಡ್ಡವೀರರಾಜೇಂದ್ರ. ಇಳಿಜಾರು ಮಾಡಿನ, ಕೇರಳದ ಶೈಲಿಯ ಭಗಂಡೇಶ್ವರನ ಗುಡಿಯ ಮುಂದೆ ನಿಂತವರು ಇಂದಿಗೂ ಅವನ ಹೆಸರನ್ನು ಗೌರವದಿಂದಲೇ ಹೇಳುತ್ತಾರೆ.

ಈ ಶೂರನ ಕಡೆಗಾಲದ ವೃತ್ತಾಂತವು ಅಷ್ಟು ಗೌರವದಿಂದ ಹೇಳಿಕೊಳ್ಳುವಂಥದಲ್ಲ. ನಾಲ್ಕುನಾಡಿನ ಅರಮನೆಯಲ್ಲಿ ತಾನು ಕೈಹಿಡಿದಿದ್ದ ರಾಣಿ ಮಹಾದೇವಮ್ಮಾಜಿಯು 1807ರಲ್ಲಿ ಗಂಡುಸಂತಾನವಿಲ್ಲದೆ, ಹೆಣ್ಣುಮಕ್ಕಳನ್ನು ಮಾತ್ರ ಬಿಟ್ಟು ತೀರಿಕೊಂಡ ತರುವಾಯ, ತನ್ನ ಮಗಳಿಗೆ ಸಿಂಹಾಸನವು ದಕ್ಕೀತೆ ಎಂಬ ಚಿಂತೆಯೂ, ಸುತ್ತಲಿನವರೆಲ್ಲ ತನಗೆ ದ್ರೋಹವನ್ನು ಬಗೆಯುತ್ತಿದ್ದಾರೆಂಬ ಸಂಶಯವೂ ಒಂದಕ್ಕೊಂದು ಹೆಣೆದುಕೊಂಡು ಅವನ ಬುದ್ಧಿಯನ್ನು ಕದಡಿದುವು. ಆವೇಶದ ಗಳಿಗೆಯಲ್ಲಿ ಮರಣದಂಡನೆಯ ಆಜ್ಞೆಗಳನ್ನು ಹೊರಡಿಸುವುದು, ಆವೇಶವಿಳಿದ ಬಳಿಕ ಪಶ್ಚಾತ್ತಾಪದಿಂದ ಕುಗ್ಗುವುದು, ಹೀಗೆ ಸುಮಾರು ಎರಡು ವರ್ಷ ತೊಳಲಾಡಿ, ಕಂಪನಿ ಸರ್ಕಾರವು ಕಳುಹಿಸಿದ ಆಂಗ್ಲ ವೈದ್ಯನ ಚಿಕಿತ್ಸೆಯನ್ನೂ ಪಡೆದು, 1809ರಲ್ಲಿ ಅವನು ಕಾಲವಾದನು. ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ಯೆಂಬ ಹೆಸರಿನಿಂದ ಬರೆಯಿಸಿದ್ದೂ ಈ ಕಡೆಗಾಲದಲ್ಲಿಯೇ, ಚಿತ್ತವು ಕದಡುತ್ತಿದ್ದ ದೊರೆಯು ಕುಲದ ಲೆಕ್ಕವನ್ನು ಮಾತ್ರ ಅಚ್ಚುಕಟ್ಟಾಗಿ ಇಡಿಸಿ ಹೋದನು.

ಅವನ ಬಳಿಕ ಪಟ್ಟಕ್ಕೆ ಬಂದ ತಮ್ಮ ಲಿಂಗರಾಜನ ನಿಷ್ಠುರತೆಯನ್ನೂ, ಲಿಂಗರಾಜನ ಮಗನೂ 1834ರಲ್ಲಿ ಪದಚ್ಯುತನಾದವನೂ ಆದ ಚಿಕವೀರರಾಜೇಂದ್ರನ ಕ್ರೌರ್ಯವನ್ನೂ ಒಟ್ಟಿಗೆ ಓದುವವನು, ಇದೆಲ್ಲವೂ ರಕ್ತದಲ್ಲಿಯೇ ಹರಿದುಬಂದ ದೋಷವಿರಬೇಕೆಂದು ತೀರ್ಮಾನಿಸಿಬಿಡುವುದು ಬಹು ಸುಲಭ. ನನಗೆ ಈ ತೀರ್ಮಾನದಲ್ಲಿ ನಂಬಿಕೆಯಿಲ್ಲ. ದೊಡ್ಡವೀರರಾಜೇಂದ್ರನಿಗೆ ಚಿತ್ತಭ್ರಮೆ ಕಾಣಿಸಿಕೊಂಡದ್ದು ನಡುವಯಸ್ಸಿನಲ್ಲಿ, ಸೆರೆ, ಯುದ್ಧ, ಶೋಕಗಳೆಲ್ಲವನ್ನೂ ಕಂಡ ಮೇಲೆ. ಇಂದು ನಾವು ಸ್ಕಿಜೋಫ್ರೀನಿಯಾ ಎಂದು ಕರೆಯುವ ವ್ಯಾಧಿಯಾದರೋ ಸಾಮಾನ್ಯವಾಗಿ ಹರೆಯದ ಕೊನೆಗೂ ಯೌವನದ ಮೊದಲಿಗೂ ತಲೆಯೆತ್ತುವಂಥದು. ಇನ್ನೂರು ವರ್ಷಗಳ ಹಿಂದಿನ ದೊರೆಗೆ ಇಂದಿನ ರೋಗದ ಹೆಸರನ್ನು ಕಟ್ಟುವುದು ಚರಿತ್ರಕಾರನ ಕೆಲಸವೂ ಅಲ್ಲ, ವೈದ್ಯನ ಕೆಲಸವೂ ಅಲ್ಲ. ಹಾಗಿದ್ದರೂ, ಮನಸ್ಸಿನ ಕೇಡು ಮನೆತನದಲ್ಲಿ ಇಳಿದುಬರುವುದೆಂಬ ಭಯವು ಅರಮನೆಗೂ ಗುಡಿಸಲಿಗೂ ಸಮಾನವಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಆ ಭಯದ ಚರಿತ್ರೆಯನ್ನು. ಆ ಕೇಡಿನ ಮೂಲವನ್ನು ಜನರು ಎಲ್ಲೆಲ್ಲಿ ಹುಡುಕಿದರು, ಹುಡುಕುತ್ತ ಹುಡುಕುತ್ತ ಮಿದುಳಿನ ಒಳಗನ್ನೇ ಚಿತ್ರಿಸುವ ಯಂತ್ರದವರೆಗೆ ಹೇಗೆ ಬಂದು ಮುಟ್ಟಿದರು ಎಂಬುದನ್ನು.

ಮೊದಲು ಹುಡುಕಿದ್ದು ಪಿತೃಗಳಲ್ಲಿ. ಚರಕಸಂಹಿತೆಯು ಉನ್ಮಾದವನ್ನು ಐದು ಬಗೆಯೆಂದು ಎಣಿಸಿ, ವಾತ, ಪಿತ್ತ, ಕಫಗಳಿಂದಲೂ ಅವುಗಳ ಸನ್ನಿಪಾತದಿಂದಲೂ ಹುಟ್ಟುವ ನಾಲ್ಕನ್ನು ಹೇಳಿದ ಮೇಲೆ, ಹೊರಗಿನಿಂದ ಬಂದೆರಗುವ ಆಗಂತುಕ ಉನ್ಮಾದವನ್ನು ಐದನೆಯದಾಗಿ ಹೇಳುತ್ತದೆ. ಹಾಗೆ ಬಂದೆರಗುವ ದೇವ, ಋಷಿ, ಗಂಧರ್ವ, ಪಿಶಾಚಾದಿಗಳ ಸಾಲಿನಲ್ಲಿ ಪಿತೃಗಳಿಗೂ ಸ್ಥಾನವುಂಟು. ಕೊಡಗಿನಲ್ಲಿ ಈ ಭಾವನೆಗೆ ಬೇರೆಯೇ ಆದ ಬಲವಿದ್ದಿತು. ಏತಕ್ಕೆಂದರೆ ಇಲ್ಲಿ ಮನುಷ್ಯನು ಒಬ್ಬೊಂಟಿಯಾದ ವ್ಯಕ್ತಿಯಾಗಿರುವುದಕ್ಕಿಂತ ಮೊದಲು ಒಂದು ಒಕ್ಕದವನು, ಎಂದರೆ ತಂದೆಯ ಕಡೆಯ ಒಂದು ಮನೆತನದವನು. ಒಕ್ಕದ ಮೂಲಮನೆಯಾದ ಐನ್‌ಮನೆಯ ತೂಗುದೀಪದ ಮುಂದೆ ಮೂಲಪುರುಷನಾದ ಗುರುಕಾರಣನನ್ನು ನೆನೆಯದೆ ಯಾವ ಶುಭಕಾರ್ಯವೂ ಆರಂಭವಾಗದು. 1952ರಲ್ಲಿ ಪ್ರಕಟವಾದ ಎಂ. ಎನ್. ಶ್ರೀನಿವಾಸರ ಗ್ರಂಥವು ಲೋಕದ ವಿದ್ವಾಂಸರ ಗಮನವನ್ನು ಕೊಡಗಿನ ಕಡೆಗೆ ಸೆಳೆಯಿತು; ಅದರಲ್ಲಿ ಈ ಒಕ್ಕದ ವಿವರಣೆಯೂ ಉಂಟು. ತೀರಿಹೋದ ಹಿರಿಯರು ಒಕ್ಕವನ್ನು ಕಾಯುವರು, ಅಲಕ್ಷಿಸಿದರೆ ಕಾಡುವರು ಎಂದು ನಂಬಿದ ಮನೆಯಲ್ಲಿ, ಹದಿಹರೆಯದ ಹುಡುಗನು ಊಟ ನಿದ್ರೆಗಳನ್ನು ಬಿಟ್ಟು, ಯಾರಿಗೂ ಕೇಳಿಸದ ದನಿಗಳಿಗೆ ಉತ್ತರಕೊಡುತ್ತ ಕುಳಿತರೆ, ಕಣಿಯರನ್ನು ಕರೆದು ಕೇಳುವುದೂ, ಹಿರಿಯರು ಮೈದುಂಬಿ ನುಡಿಯುವ ತೆರೆಯನ್ನು ಕಟ್ಟಿಸಿ ಅವರ ಮಾತನ್ನು ಆಲಿಸುವುದೂ, ಕೊನೆಗೆ ಭಾಗಮಂಡಲದ ಸಂಗಮದಲ್ಲಿ ಪಿಂಡವಿಟ್ಟು ಸಮಾಧಾನ ಪಡೆಯುವುದೂ ಸ್ವಾಭಾವಿಕವೇ ಆಗಿದ್ದಿತು. ಇದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಈ ಏರ್ಪಾಡಿನಲ್ಲಿ ವ್ಯಾಧಿಯು ಹುಡುಗನೊಬ್ಬನ ತಪ್ಪಾಗಿ ಉಳಿಯದೆ ಒಕ್ಕಕ್ಕೆಲ್ಲ ಸೇರಿದ ಬಾಕಿಯಾಗುತ್ತಿದ್ದಿತು, ಬಾಕಿಯನ್ನು ತೀರಿಸುವ ದಾರಿಯೂ ಇದ್ದಿತು.

ತೀರದ ಭಯವಾದರೋ ಮದುವೆಯ ಮಾತುಕತೆಯಲ್ಲಿ ಹೊರಬೀಳುತ್ತಿದ್ದಿತು. ಯಾವ ಯಾವ ಕುಲಗಳಿಂದ ಕನ್ಯೆಯನ್ನು ತರಬಾರದೆಂದು ಹೇಳುವಾಗ ಮನುಸ್ಮೃತಿಯು ಕ್ಷಯ, ಅಪಸ್ಮಾರ, ತೊನ್ನು, ಕುಷ್ಠಗಳುಳ್ಳ ಮನೆತನಗಳನ್ನು ಹೆಸರಿಸುತ್ತದೆ. ವಿಚಿತ್ರವೆಂದರೆ ಉನ್ಮಾದವು ಆ ಪಟ್ಟಿಯಲ್ಲಿಲ್ಲ. ಸ್ಮೃತಿಕಾರನು ಬಿಟ್ಟದ್ದನ್ನು ಲೋಕವು ಬಿಡಲಿಲ್ಲ. ಸಂಬಂಧ ಬೆಳೆಸುವ ಮುನ್ನ ‘ಆ ಮನೆಯಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತೇ’ ಎಂದು ಮೆಲ್ಲನೆ ವಿಚಾರಿಸದ ಹಿರಿಯರು ಕನ್ನಡನಾಡಿನ ಯಾವ ಮೂಲೆಯಲ್ಲಿಯೂ ವಿರಳ. ಕೊಡಗಿನಲ್ಲಿ ಒಂದೊಂದು ಒಕ್ಕಕ್ಕೂ ಅರುವನಾಗಿ ನಿಂತ ಮತ್ತೊಂದು ಒಕ್ಕವಿದ್ದು, ಮದುವೆಯ ಮಾತನ್ನಾಡುವುದೂ ಸಾಕ್ಷಿ ನಿಲ್ಲುವುದೂ ಅರುವನ ಹೊಣೆಯಾಗಿದ್ದುದರಿಂದ, ಮನೆಮನೆಯ ಗುಟ್ಟುಗಳನ್ನು ಅವನಷ್ಟು ಬಲ್ಲವರು ಇರಲಿಲ್ಲ. ವಂಶದಲ್ಲಿ ರೋಗವುಂಟೆ ಎಂದು ಕೇಳಿ ತಿಳಿಯುವ ವಿದ್ಯೆಯನ್ನು ಯೂರೋಪಿನ ವೈದ್ಯರು ಶಾಸ್ತ್ರವಾಗಿಸಿದ್ದು ತೀರ ಈಚೆಗೆ.

ಘಟ್ಟದ ಕೆಳಗೆ, ಉಡುಪಿಯ ಬಳಿಯ ಕೋಟದಲ್ಲಿ, ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಮನೆಮನೆಗೂ ಹೋಗಿ ಅಧ್ಯಯನ ನಡೆಸಿ 1976ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿದರೆ, ವೈದ್ಯ, ಮಂತ್ರವಾದಿ, ದೈವವು ಮೈದುಂಬುವ ಪಾತ್ರಿ ಈ ಮೂವರೂ ಜನರ ಮನೋವ್ಯಥೆಯನ್ನು ಹೇಗೆ ಹಂಚಿಕೊಂಡು ನಿರ್ವಹಿಸುತ್ತಿದ್ದರೆಂಬುದು ತಿಳಿಯುತ್ತದೆ. ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ಎರಡನೆಯ ಹುಡುಕಾಟವು ನಡೆದದ್ದು ಗೋಡೆಗಳ ಒಳಗೆ. ಬೆಂಗಳೂರು ಪೇಟೆಯಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್‌ರವರು 1847ರ ಸುಮಾರಿಗೆ ನೆಲೆಗೊಳಿಸಿದ ಹುಚ್ಚಾಸ್ಪತ್ರೆಯು, 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ತಳೆದು, ಡಾ. ಫ್ರ್ಯಾಂಕ್ ನರೋನ್ಹಾ ಅವರ ಆಡಳಿತವನ್ನು ಕಂಡು, ಮಿರ್ಜಾ ಇಸ್ಮಾಯಿಲ್ಲರ ದಿವಾನಗಿರಿಯ ಕಾಲದಲ್ಲಿ ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಬಂದಿತು. ಅಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಯಿತು; ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದುವು. ಕೊಡಗು ತನ್ನದೇ ಆದ ಪುಟ್ಟ ರಾಜ್ಯವಾಗಿದ್ದುದು 1956ರ ನವೆಂಬರ್ 1ರವರೆಗೆ ಮಾತ್ರ. ಆ ಬಳಿಕ ಭಾಗಮಂಡಲದವನಿಗೂ ಬೀದರಿನವನಿಗೂ ತಲೆಯ ಕಾಯಿಲೆಯೆಂದರೆ ಬೆಂಗಳೂರು ಎಂಬಂತಾಯಿತು. ಮೊದಲ ನೂರು ವರ್ಷಗಳಲ್ಲಿ ಇಂಥ ಆಸ್ಪತ್ರೆಗಳ ಬಳಿ ಇದ್ದದ್ದು ಆಶ್ರಯ, ಊಟ, ಬೀಗ, ಇವಿಷ್ಟೇ ಎಂದರೆ ಅತಿಶಯೋಕ್ತಿಯಾಗದು. ನಮ್ಮ ಸರ್ಪಗಂಧದ ಬೇರು ಉನ್ಮಾದವನ್ನು ತಗ್ಗಿಸಬಲ್ಲದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿಯೇ ಬರೆದಿದ್ದರೂ, ಜಗತ್ತು ಕಿವಿಗೊಟ್ಟದ್ದು ಇಪ್ಪತ್ತು ವರ್ಷಗಳಾದ ಮೇಲೆ, ಪ್ಯಾರಿಸಿನಲ್ಲಿ 1952ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧದ ಗುಣವು ಪ್ರಕಟವಾದ ಕಾಲಕ್ಕೆ.

ಅತ್ತ ಜರ್ಮನಿಯಲ್ಲಿ ಎಮಿಲ್ ಕ್ರೇಪೆಲಿನ್ ಎಂಬ ಪಂಡಿತನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಯೌವನದಲ್ಲಿ ಆರಂಭವಾಗಿ ಬುದ್ಧಿಯನ್ನು ಕ್ರಮೇಣ ಸವೆಯಿಸುವ ಒಂದು ಉನ್ಮಾದವನ್ನು ಉಳಿದವುಗಳಿಂದ ಬೇರ್ಪಡಿಸಿದ್ದನು; ಸ್ವಿಟ್ಜರ್‌ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಅದಕ್ಕೆ ಸ್ಕಿಜೋಫ್ರೀನಿಯಾ ಎಂಬ ಹೆಸರನ್ನಿತ್ತನು. ಮ್ಯೂನಿಕ್ಕಿನ ಅರ್ನ್‌ಸ್ಟ್ ರೂಡಿನ್ 1916ರಲ್ಲಿ ಈ ರೋಗಿಗಳ ಒಡಹುಟ್ಟಿದವರನ್ನು ಎಣಿಸಿ, ರೋಗವು ಮನೆತನದಲ್ಲಿ ಎಷ್ಟರಮಟ್ಟಿಗೆ ಮರುಕಳಿಸುವುದೆಂದು ಲೆಕ್ಕಹಾಕಿದನು. ನಮ್ಮ ಹಿರಿಯರು ಪಿಸುಮಾತಿನಲ್ಲಿ ಕೇಳುತ್ತಿದ್ದ ಪ್ರಶ್ನೆಗೆ ಹೀಗೆ ಅಂಕಿಗಳ ಉತ್ತರ ಬಂದಿತು. ಬಂದ ಉತ್ತರದಿಂದ ನಡೆದದ್ದು ಘೋರ. 1933ರ ಜುಲೈಯಲ್ಲಿ ನಾಜಿ ಸರ್ಕಾರವು ಜಾರಿಗೆ ತಂದ ಕಾನೂನು ಈ ರೋಗವನ್ನೂ ಆನುವಂಶಿಕ ವ್ಯಾಧಿಗಳ ಪಟ್ಟಿಯಲ್ಲಿ ಸೇರಿಸಿತು. ರೂಡಿನ್ನನೇ ಅದರ ವ್ಯಾಖ್ಯಾನಕಾರರಲ್ಲಿ ಒಬ್ಬನಾಗಿದ್ದನು. ಸುಮಾರು 4 ಲಕ್ಷ ಮಂದಿಗೆ ಬಲಾತ್ಕಾರದಿಂದ ಸಂತಾನಶಕ್ತಿಹರಣ ಮಾಡಲಾಯಿತು, ಆಮೇಲೆ ಆಸ್ಪತ್ರೆಗಳಲ್ಲಿಯೇ ಸಹಸ್ರಾರು ರೋಗಿಗಳ ಕೊಲೆಯೂ ನಡೆಯಿತು. ವಂಶದೋಷದ ಮಾತನ್ನು ಎತ್ತುವ ಯಾವ ಲೇಖಕನೂ ಈ ಪುಟವನ್ನು ಹಾರಿಸಿ ಮುಂದೆ ಹೋಗಬಾರದೆಂದು ನನ್ನ ಅಭಿಪ್ರಾಯ.

ಆ ಅಂಕಿಗಳನ್ನು ಶಾಂತವಾಗಿ ಓದಿದರೆ ಕಾಣುವುದೇ ಬೇರೆ. ಅಮೆರಿಕದ ಇರ್ವಿಂಗ್ ಗಾಟ್ಸ್‌ಮನ್ ಯೂರೋಪಿನ ಅನೇಕ ಅಧ್ಯಯನಗಳನ್ನು ಕೂಡಿಸಿ 1991ರಲ್ಲಿ ತೋರಿಸಿದ ಪ್ರಕಾರ, ಜನಸಾಮಾನ್ಯರಲ್ಲಿ ಈ ರೋಗದ ಸಂಭವವು ಜೀವಮಾನದಲ್ಲಿ ಶೇಕಡ 1ರಷ್ಟು. ರೋಗಿಯ ಒಡಹುಟ್ಟಿದವರಲ್ಲಿ ಶೇಕಡ 9, ಮಕ್ಕಳಲ್ಲಿ ಶೇಕಡ 13, ಒಂದೇ ಅಂಡದಿಂದ ಜನಿಸಿದ ಅವಳಿಯಲ್ಲಿ ಶೇಕಡ 48. ಜೀನುಗಳೆಲ್ಲವೂ ಒಂದೇ ಆದ ಅವಳಿಗಳಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಂದಿ ಪಾರಾಗುವರೆಂದಮೇಲೆ, ‘ರಕ್ತದಲ್ಲಿ ಬಂದದ್ದು’ ಎಂಬ ಮಾತಿಗೆ ಉಳಿಯುವ ತೂಕವೆಷ್ಟು? ಹಾಗೆಯೇ ಒಂಬತ್ತು ಪಟ್ಟು ಹೆಚ್ಚಿದ ಅಪಾಯವನ್ನು ಇಲ್ಲವೆನ್ನುವುದೂ ಸಾಧ್ಯವಿಲ್ಲ. ಹಾಗಾದರೆ ಇಳಿದುಬರುವುದು ಏನು, ಅದು ಮಿದುಳಿನ ಯಾವ ಭಾಗದಲ್ಲಿ ಕುಳಿತಿರುತ್ತದೆ?

ಇಲ್ಲಿಂದ ಮೂರನೆಯ ಹುಡುಕಾಟ. ಬದುಕಿರುವವನ ತಲೆಬುರುಡೆಯನ್ನು ತೆರೆಯದೆ ಒಳಗನ್ನು ಕಾಣುವ ಮೊದಲ ಉಪಾಯವನ್ನು ಬಾಲ್ಟಿಮೋರಿನ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1918–19ರಲ್ಲಿ ಕಂಡುಹಿಡಿದನು: ಮಿದುಳಿನ ಕುಹರಗಳಲ್ಲಿರುವ ದ್ರವವನ್ನು ತೆಗೆದು, ಆ ಜಾಗಕ್ಕೆ ಗಾಳಿಯನ್ನು ತುಂಬಿ, ಎಕ್ಸ್-ರೇ ಚಿತ್ರವನ್ನು ತೆಗೆಯುವುದು. ರೋಗಿಗೆ ಅಸಹನೀಯವಾದ ತಲೆನೋವನ್ನು ತರುತ್ತಿದ್ದ ಈ ಕ್ರಮದಿಂದಲೇ ಜರ್ಮನಿಯ ಯೇನಾದಲ್ಲಿ ಯಾಕೋಬಿ ಮತ್ತು ವಿಂಕ್ಲರ್ 1927ರಲ್ಲಿ, ಬಹುಕಾಲದ ಸ್ಕಿಜೋಫ್ರೀನಿಯಾ ರೋಗಿಗಳ ಕುಹರಗಳು ಹಿಗ್ಗಿವೆಯೆಂದು ವರದಿಮಾಡಿದರು. ಆರೋಗ್ಯವಂತರ ತಲೆಗೆ ಗಾಳಿ ತುಂಬಿ ಹೋಲಿಸಿನೋಡುವುದು ಧರ್ಮವಲ್ಲವಾದ್ದರಿಂದ ಆ ಮಾತು ಸಂದೇಹದಲ್ಲಿಯೇ ಉಳಿಯಿತು. ಐವತ್ತು ವರ್ಷಗಳ ಮೇಲೆ, ಗಾಡ್‌ಫ್ರೆ ಹೌನ್ಸ್‌ಫೀಲ್ಡನು ನಿರ್ಮಿಸಿದ ಸಿ.ಟಿ. ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಪದರಪದರವಾಗಿ ತೋರಿಸಿದ ತರುವಾಯ, ಈವ್ ಜಾನ್‌ಸ್ಟೋನ್ ಮತ್ತು ಟಿಮ್ ಕ್ರೋ ಮೊದಲಾದವರು 1976ರಲ್ಲಿ ಹದಿನೇಳು ಮಂದಿ ರೋಗಿಗಳ ಚಿತ್ರಗಳನ್ನು ಆರೋಗ್ಯವಂತರೊಡನೆ ಹೋಲಿಸಿ, ಕುಹರಗಳ ಹಿಗ್ಗು ನಿಜವೆಂದು ತೋರಿಸಿಕೊಟ್ಟರು. ಆಮೇಲೆ ಬಂದ ಎಂ.ಆರ್.ಐ. ಯಂತ್ರಕ್ಕೆ ಎಕ್ಸ್-ಕಿರಣವೂ ಬೇಡವಾಯಿತು. ಕಾಂತಕ್ಷೇತ್ರದಲ್ಲಿ ದೇಹದ ನೀರಿನಲ್ಲಿರುವ ಜಲಜನಕದ ಪರಮಾಣುಗಳು ಕೊಡುವ ಸಂಜ್ಞೆಯೇ ಸಾಕಾಯಿತು. 1990ರಲ್ಲಿ ಸಡ್ಡತ್ ಮತ್ತು ಸಂಗಡಿಗರು ಹದಿನೈದು ಜೊತೆ ತದ್ರೂಪಿ ಅವಳಿಗಳನ್ನು, ಜೊತೆಯಲ್ಲಿ ಒಬ್ಬರು ರೋಗಿ, ಒಬ್ಬರು ಅರೋಗಿ ಆಗಿದ್ದವರನ್ನು, ಈ ಯಂತ್ರದಲ್ಲಿ ಮಲಗಿಸಿ ನೋಡಿದಾಗ, ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗವು ಬಹುಪಾಲು ಜೊತೆಗಳಲ್ಲಿ ರೋಗಿಯಾದವರಲ್ಲಿಯೇ ಚಿಕ್ಕದಾಗಿದ್ದಿತು.

ಇಷ್ಟಾದರೂ ಒಂದು ತೊಡಕು ಬಿಡಿಸದೆ ಉಳಿಯಿತು. ಹೊಳೆಯು ದಡವನ್ನು ಕೊರೆದು ಹೋದ ಮೇಲೆ ಬಂದು ನೋಡುವವನಿಗೆ, ಮೊದಲೇ ದಡವು ಸಡಿಲವಾಗಿತ್ತೋ ಪ್ರವಾಹವೇ ಸಡಿಲಿಸಿತೋ ತಿಳಿಯದಿರುವ ಹಾಗೆ, ರೋಗವೂ ಔಷಧವೂ ಆಸ್ಪತ್ರೆಯ ವಾಸವೂ ಹತ್ತಾರು ವರ್ಷ ಕೆಲಸಮಾಡಿದ ಮಿದುಳನ್ನು ನೋಡಿ ಕಾರಣವನ್ನು ಹೇಳುವುದು ಹೇಗೆ? ರೋಗ ಬರುವುದಕ್ಕೆ ಮುಂಚೆಯೇ ನೋಡಬೇಕು; ಯಾರಿಗೆ ಬರಬಹುದೋ ಅವರನ್ನು ನೋಡಬೇಕು. ಕೋಪನ್‌ಹೇಗನ್ನಿನಲ್ಲಿ ಮೆಡ್ನಿಕ್ ಮತ್ತು ಶುಲ್ಸಿಂಗರ್ ಎಂಬವರು 1962ರಲ್ಲಿಯೇ ರೋಗಿಗಳಾದ ತಾಯಂದಿರ 207 ಮಕ್ಕಳನ್ನು ಆರಿಸಿಕೊಂಡು ವರ್ಷಗಟ್ಟಲೆ ಅನುಸರಿಸುವ ಸಾಹಸವನ್ನು ಆರಂಭಿಸಿದ್ದರು. ಆ ಮಾರ್ಗಕ್ಕೆ ಎಂ.ಆರ್.ಐ.ಯನ್ನು ಜೋಡಿಸಿದವರಲ್ಲಿ ಎಡಿನ್‌ಬರೋ ಪಂಡಿತರು ಮುಖ್ಯರು. ಅದೇ ಈವ್ ಜಾನ್‌ಸ್ಟೋನ್ 1994ರಲ್ಲಿ, ಹತ್ತಿರದ ಬಂಧುಗಳಲ್ಲಿ ಇಬ್ಬರಾದರೂ ಈ ರೋಗಕ್ಕೆ ತುತ್ತಾಗಿದ್ದ, 16ರಿಂದ 25ರ ವಯಸ್ಸಿನ, ತಾವು ಮಾತ್ರ ಆರೋಗ್ಯವಾಗಿದ್ದ ತರುಣತರುಣಿಯರನ್ನು ಕೂಡಿಸಿದರು. ಅವರ ಹಿಪ್ಪೊಕ್ಯಾಂಪಸ್ಸಿನ ಆಸುಪಾಸಿನ ಭಾಗವು ಸಾಮಾನ್ಯರದಕ್ಕಿಂತ ಚಿಕ್ಕದಾಗಿ, ರೋಗಿಗಳದಕ್ಕಿಂತ ದೊಡ್ಡದಾಗಿ, ಇವೆರಡರ ನಡುವೆ ನಿಂತಿದ್ದಿತು. ಸುಮಾರು 160 ಮಂದಿಯಲ್ಲಿ ಕಾಲಕ್ರಮದಲ್ಲಿ ರೋಗಕ್ಕೆ ಬಿದ್ದವರು 20ರ ಆಸುಪಾಸು. ಉಳಿದವರು ಚಿತ್ರದಲ್ಲಿ ಆ ಕೊರತೆಯನ್ನು ಹೊತ್ತುಕೊಂಡೇ ವಿದ್ಯಾಭ್ಯಾಸ, ಉದ್ಯೋಗ, ಸಂಸಾರಗಳಲ್ಲಿ ಮುಂದುವರಿದರು.

ಆಸ್ಟ್ರೇಲಿಯಾದ ಮೆಲ್ಬರ್ನ್ ಪಂಡಿತರು ವಂಶವೊಂದನ್ನೇ ನೆಚ್ಚದೆ, ಅರೆಬರೆ ಸಂಶಯಗಳು, ಕ್ಷಣಿಕವಾದ ದನಿಗಳು, ಹಠಾತ್ತನೆ ಕುಸಿದ ಓದು, ಇಂಥ ಪೂರ್ವಲಕ್ಷಣಗಳುಳ್ಳ ಯುವಕರನ್ನು ಆರಿಸಿಕೊಂಡರು. 2003ರಲ್ಲಿ ಕ್ರಿಸ್ಟೋಸ್ ಪಾಂಟೆಲಿಸ್ ಮತ್ತು ಸಂಗಡಿಗರು ಪ್ರಕಟಿಸಿದಂತೆ, ಹೀಗೆ ಚಿತ್ರ ತೆಗೆಸಿಕೊಂಡ 75 ಮಂದಿಯಲ್ಲಿ 23 ಮಂದಿಗೆ ಮುಂದೆ ಚಿತ್ತವಿಕಾರ ಉಂಟಾಯಿತು. ಅವರ ಮಿದುಳಿನ ಬೂದುಭಾಗವು ಕಣತಲೆಯ ಮತ್ತು ಹಣೆಯ ಕಡೆಯ ಕೆಲವೆಡೆಗಳಲ್ಲಿ ಮೊದಲೇ ಉಳಿದವರಿಗಿಂತ ಕಡಿಮೆಯಾಗಿದ್ದಿತು. ಜಗತ್ತೆಲ್ಲ ಉತ್ಸಾಹಗೊಂಡಿತು. ಆದರೆ ಅನೇಕ ದೇಶಗಳ ಸಂಶೋಧಕರು ತಮ್ಮ ಚಿತ್ರಗಳನ್ನೆಲ್ಲ ಒಂದುಗೂಡಿಸಿ, ಅಪಾಯದಂಚಿನಲ್ಲಿದ್ದ 1,792 ಮಂದಿಯನ್ನೂ ಆರೋಗ್ಯವಂತರಾದ 1,377 ಮಂದಿಯನ್ನೂ ಹೋಲಿಸಿ 2021ರಲ್ಲಿ ಹೊರತಂದ ಫಲಿತಾಂಶದಲ್ಲಿ, ಮಿದುಳಿನ ಹೊರಪದರವು ಅಪಾಯದಂಚಿನವರಲ್ಲಿ ತುಸು ತೆಳುವೆಂಬುದು ಸ್ಥಿರಪಟ್ಟಿತಾದರೂ, ಆ ತುಸುವು ಎಷ್ಟು ಅಲ್ಪವೆಂದರೆ ಒಬ್ಬನ ಚಿತ್ರವನ್ನು ಕೈಯಲ್ಲಿ ಹಿಡಿದು ಅವನ ನಾಳೆಯನ್ನು ಹೇಳಲು ಅದು ಸಾಲದು. ಗುಂಪಿನ ಸರಾಸರಿಯು ಗುಂಪಿನದು. ಮನೆಯ ಹುಡುಗನು ಸರಾಸರಿಯಲ್ಲ.

ಈ ಕಥೆಯಲ್ಲಿ ಬೆಂಗಳೂರಿನ ಪಾಲು ಕಿರಿದಲ್ಲ, ಮತ್ತು ಅದರಲ್ಲಿ ಒಂದು ವಿಷಾದದ ಅಂಶವೂ ಸೇರಿದೆ. ಪಶ್ಚಿಮದೇಶಗಳಲ್ಲಿ ಔಷಧವನ್ನೇ ಕಾಣದ ರೋಗಿಯು ದುರ್ಲಭ. ನಮ್ಮಲ್ಲಿ, ದೇವರು, ದೈವ, ಹರಕೆ, ಬಡತನ, ದೂರ ಇವೆಲ್ಲವನ್ನೂ ದಾಟಿ, ವರ್ಷಗಳಾದ ಮೇಲೆ ಮೊದಲ ಸಲ ವೈದ್ಯನ ಮುಂದೆ ಬರುವವರು ಬಹಳ. ಹೀಗೆ ಔಷಧಸ್ಪರ್ಶವಿಲ್ಲದೆ ಬಂದವರ ಮಿದುಳನ್ನು, ಚಿಕಿತ್ಸೆ ಆರಂಭವಾಗುವ ಮುಂಚೆ ಚಿತ್ರಿಸಿ, ಕಾಣುವ ಬದಲಾವಣೆಗಳು ಔಷಧದಿಂದಲೇ ಆದುವೆಂಬ ವಾದವು ನಿಲ್ಲದೆಂದು ತೋರಿಸಲು ನಿಮ್ಹಾನ್ಸಿನ ಗಣೇಶನ್ ವೆಂಕಟಸುಬ್ರಮಣಿಯನ್, ಬಿ. ಎನ್. ಗಂಗಾಧರ್ ಮೊದಲಾದವರಿಗೆ ಸಾಧ್ಯವಾಯಿತು. ನಮ್ಮ ತಡವೇ ಅವರಿಗೆ ಸಾಮಗ್ರಿಯಾಯಿತು. ಅದೇ ಸಂಸ್ಥೆಯವರು ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾ ಪೀಡಿತರನ್ನು ಅವರ ಮನೆಗಳಲ್ಲಿಯೇ ಗುರುತಿಸಿ, ಚಿಕಿತ್ಸೆಯನ್ನು ಕೊಟ್ಟು, ವರ್ಷಗಟ್ಟಲೆ ಅನುಸರಿಸಿದ್ದನ್ನೂ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಈ ವಿದ್ಯೆಯನ್ನು ಕಲಿಸಿ ಇಡೀ ದೇಶಕ್ಕೆ ಮಾದರಿಯಾದದ್ದನ್ನೂ ಇದರ ಪಕ್ಕದಲ್ಲಿಟ್ಟು ಎಣಿಸಿದರೆ, ತಡವಾಗಿ ಬಂದ ಆ ರೋಗಿಗಳ ಋಣವು ಕೊಂಚ ತೀರಿದಂತೆ.

ಅಪಾಯದಂಚಿನ ಬಂಧುಗಳನ್ನು ನೋಡುವ ಕೆಲಸವೂ ಈಗ ಹೊಸೂರು ರಸ್ತೆಯಲ್ಲಿ ನಡೆದಿದೆ. ಬೆಂಗಳೂರಿನ ಎನ್.ಸಿ.ಬಿ.ಎಸ್. ಮತ್ತು ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಸ್ಥೆಗಳೊಡನೆ ಕೂಡಿ ನಿಮ್ಹಾನ್ಸ್ ಕೈಗೊಂಡ ಯೋಜನೆಯೊಂದರಲ್ಲಿ, ಹತ್ತಿರದ ರಕ್ತಸಂಬಂಧಿಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತೀವ್ರ ಮನೋರೋಗಕ್ಕೆ ತುತ್ತಾದ ಕುಟುಂಬಗಳನ್ನು ಆರಿಸಿ, ರೋಗಿಗಳನ್ನೂ ರೋಗವಿಲ್ಲದ ಬಂಧುಗಳನ್ನೂ ಜೊತೆಯಾಗಿ ಪರೀಕ್ಷಿಸಲಾಗುತ್ತದೆ. ಎಂ.ಆರ್.ಐ. ಚಿತ್ರ, ಮಿದುಳಿನ ವಿದ್ಯುತ್ ಲೇಖನ, ಕಣ್ಣಿನ ಚಲನೆ, ನೆನಪು ಮತ್ತು ಏಕಾಗ್ರತೆಯ ಪರೀಕ್ಷೆಗಳು, ರಕ್ತದಿಂದ ಬೆಳೆಸಿದ ಆಕರಕೋಶಗಳು, ಇಷ್ಟೂ ಒಂದೊಂದು ಕುಟುಂಬದಿಂದ ಸಂಗ್ರಹವಾಗುತ್ತವೆ. ಕೆಲವು ವರ್ಷಗಳಿಗೊಮ್ಮೆ ಮರುಪರೀಕ್ಷೆಯೂ ಉಂಟು. ಅರುವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವಂಶವೃಕ್ಷವನ್ನು ಇಲ್ಲಿ ಕಾಗದದ ಮೇಲೆ ಬಿಡಿಸುತ್ತಾರೆ. ಆದರೆ ಮುಚ್ಚಿಡುವುದಕ್ಕಾಗಿ ಕೇಳುತ್ತಿದ್ದ ಪ್ರಶ್ನೆಯನ್ನು ಹೇಳಿಕೊಳ್ಳುವುದಕ್ಕಾಗಿ ಕೇಳುತ್ತಾರೆಂಬುದು ಸಣ್ಣ ವ್ಯತ್ಯಾಸವಲ್ಲ. ತಮಗೇನೂ ಕಾಯಿಲೆಯಿಲ್ಲದಿದ್ದರೂ ಅಣ್ಣನಿಗಾಗಿ ಆ ಸದ್ದುಮಾಡುವ ಕೊಳವೆಯೊಳಗೆ ಅಲುಗಾಡದೆ ಮಲಗಲು ಒಪ್ಪುವ ತಂಗಿಯರ ಧೈರ್ಯವನ್ನು ನಾನು ಯಂತ್ರದ ಶಕ್ತಿಗಿಂತ ದೊಡ್ಡದೆಂದು ಭಾವಿಸುತ್ತೇನೆ.

ಭಾಗಮಂಡಲದಿಂದ ಇದೆಲ್ಲ ದೂರ. ಮಳೆಗಾಲದಲ್ಲಿ ಸಂಗಮವು ಉಕ್ಕಿ ರಸ್ತೆಯ ಮೇಲೆ ಹರಿದಾಗ ಊರಿಗೇ ದಾರಿ ತಪ್ಪುತ್ತಿದ್ದ ಸೀಮೆ ಅದು. ಜಿಲ್ಲೆಗೊಂದು ವೈದ್ಯಕೀಯ ಕಾಲೇಜು ಮಡಿಕೇರಿಯಲ್ಲಿ ಆರಂಭವಾದದ್ದು 2016ರಲ್ಲಿ. ಅಲ್ಲಿಂದ ಬರುವ ತಾಯಿಯೊಬ್ಬಳು, ದೊಡ್ಡ ಮಗನಿಗೆ ಬಂದದ್ದು ಚಿಕ್ಕವನಿಗೂ ಬರುವುದೋ ಎಂದು ಒಂದು ಚಿತ್ರ ತೆಗೆದು ಹೇಳಿರೆಂದು ಬೇಡಿದರೆ, ಇಂದಿನ ಮನೋವೈದ್ಯನು ಚಿತ್ರಕ್ಕೆ ಮೊದಲು ಚಿಕ್ಕವನನ್ನೇ ಕರೆದು ಮಾತನಾಡಿಸುವನು: ನಿದ್ರೆ ಹೇಗಿದೆ, ಗೆಳೆಯರೊಡನೆ ಬೆರೆಯುವೆಯಾ, ಓದು ಹಿಂದೆ ಬಿದ್ದಿದೆಯೇ, ಗಾಂಜಾ ಸೇದುವುದುಂಟೇ, ಯಾರೋ ಹಿಂಬಾಲಿಸುತ್ತಿದ್ದಾರೆಂದು ಅನಿಸುವುದೇ. ಉತ್ತರಗಳಲ್ಲಿ ಆತಂಕದ ಕುರುಹು ಕಂಡರೆ ಕೆಲವು ತಿಂಗಳಿಗೊಮ್ಮೆ ಬಂದು ಕಾಣಲು ಹೇಳುವನು, ಗಾಂಜಾ ಬಿಡಿಸುವನು. ರೋಗವು ನಿಜವಾಗಿ ತಲೆಯೆತ್ತಿದರೆ ತಡಮಾಡದೆ ಔಷಧವನ್ನು ಆರಂಭಿಸುವನು. ಎಂ.ಆರ್.ಐ.ಗೆ ಬರೆದುಕೊಟ್ಟರೂ ಅದು ಬಹುಮಟ್ಟಿಗೆ, ಹುಡುಗನ ತಲೆಯಲ್ಲಿ ಗಡ್ಡೆಯೋ ಸೋಂಕೋ ಹಳೆಯ ಪೆಟ್ಟಿನ ಗುರುತೋ ಇಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೆ.